ಮುಂದಿನ ದಾಸೋಹ ಎಲ್ಲೈತಿ? ರಾಯಚೂರಿನಿಂದ ಶ್ರೀಶೈಲಕ್ಕೆ ನಡೆದ ಕಥೆ

ಯುಗಾದಿ ಹತ್ತಿರ ಬಂತೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಜನ ಶ್ರೀಶೈಲದ ದಾರಿ ಹಿಡಿಯುತ್ತಾರೆ. ಬಸ್ಸು ಬೇಕಾದಷ್ಟಿವೆ, ಆದರೂ ನಡೆದೇ ಹೋಗುತ್ತಾರೆ. ಹೆಗಲ ಮೇಲೆ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ ಕಂಬಿ (ಹರಕೆಯಿಂದ ಹೊರುವ ಕೋಲು), ತಲೆಗೆ ಟವೆಲ್, ಕಾಲಿಗೆ ಹವಾಯಿ ಚಪ್ಪಲಿ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಶ್ರೀಶೈಲ ಇರುವುದು ಆಂಧ್ರದ ನಂದ್ಯಾಲ ಜಿಲ್ಲೆಯಲ್ಲಿ. ಆದರೆ ಯುಗಾದಿ ಹೊತ್ತಿಗೆ ಅಲ್ಲಿ ಕನ್ನಡವೇ ಜಾಸ್ತಿ ಕಿವಿಗೆ ಬೀಳುತ್ತದೆ. ಪುರಾಣದ ಪ್ರಕಾರ ಅದು 12 ಜ್ಯೋತಿರ್ಲಿಂಗಗಳಲ್ಲಿ ಒಂದು, 18 ಶಕ್ತಿಪೀಠಗಳಲ್ಲೂ ಒಂದು. ನಮ್ಮ ಕಡೆಯವರ ಲೆಕ್ಕ ಇನ್ನೂ ಸರಳ. ಅಲ್ಲಿನ ದೇವಿ ಭ್ರಮರಾಂಬೆ ನಮ್ಮ ಮನೆ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ-ಕುಪ್ಪಸ ಒಯ್ಯದೆ ಇರಲಾಗುತ್ತದೆಯೇ?

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಿದ್ದಿತ್ತು. ಇಳಕಲ್ಲಿನ ನನ್ನ ಸೋದರಮಾವ ಪ್ರತಿ ವರ್ಷ ಹೋಗುವವರು. "ಈ ಸಲ ನೀನೂ ಬಾರವಾ, ರಾಯಚೂರಿಗೆ ಬಂದು ಕೂಡ್ಕೊ" ಅಂದರು. ನನಗೆ ರಜೆ ಉಳಿದಿತ್ತು. ಮಾರ್ಚ್ ಮುಗಿದರೆ ಅದು ಹಾಳಾಗುತ್ತಿತ್ತು. ನಾನು ಹೊರಡಲು ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ನೆಮ್ಮದಿ ಹುಡುಕಿಕೊಂಡು ಹೊರಟೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನೆಮ್ಮದಿಗೆ ಅಂತ ಫೋನಿನಲ್ಲಿ ಒಂದು ಆ್ಯಪ್ ಆಗಲೇ ಇತ್ತು. ದಿನಾ ಮಧ್ಯಾಹ್ನ ಮೀಟಿಂಗ್ ನಡುವೆ ಟಿಂಗ್ ಅಂತ ಸದ್ದು ಮಾಡಿ "ಈ ಕ್ಷಣದಲ್ಲಿರಿ" ಅನ್ನುತ್ತಿತ್ತು. ಆ ಕ್ಷಣದಲ್ಲಿ ನನಗೆ ಬರುತ್ತಿದ್ದದ್ದು ಸಿಟ್ಟು.

ಶುಕ್ರವಾರ: ರಾಯಚೂರು ಬಿಟ್ಟದ್ದು

ನಸುಕಿನ ಮೂರು ಗಂಟೆಗೆ ಎಬ್ಬಿಸಿದರು. ರಾಯಚೂರಿನ ಬಿಸಿಲಲ್ಲಿ ನಡೆಯುವವರು ರಾತ್ರಿಯನ್ನೇ ನಂಬಬೇಕು. ಮೂರಕ್ಕೆ ಹೊರಟರೆ ಒಂಬತ್ತು, ಹೆಚ್ಚೆಂದರೆ ಹತ್ತರವರೆಗೆ ನಡಿಗೆ. ಆಮೇಲೆ ಯಾವುದಾದರೂ ಮರದಡಿ, ಗುಡಿಯ ಕಟ್ಟೆ, ಶಾಲೆಯ ಜಗಲಿ ಹಿಡಿದು ಮಲಗುವುದು. ಬಿಸಿಲು ಇಳಿದ ಮೇಲೆ ಮತ್ತೆ ನಡಿಗೆ.

ನಮ್ಮ ಗುಂಪಿನವರು ಇಳಕಲ್ಲಿನಿಂದ ಲಿಂಗಸೂಗೂರು ದಾರಿಯಲ್ಲಿ ನಡೆದು ಬಂದಿದ್ದರು. ಅವರ ಕಾಲು ಆಗಲೇ ಪಳಗಿತ್ತು. ನನ್ನದು ಹೊಸ ಬೂಟು, ಹೊಸ ಬಾಟಲಿ, ಕೈಯಲ್ಲಿ ಹೆಜ್ಜೆ ಎಣಿಸುವ ವಾಚು. ತಲೆಯ ಮೇಲೆ ಅರ್ಧ ಚಂದ್ರ. ಹಿಂದಿನಿಂದ ನಮ್ಮ ಟ್ರ್ಯಾಕ್ಟರು ಬರುತ್ತಿತ್ತು. ಅದರಲ್ಲಿ ಹಾಸಿಗೆ, ಪಾತ್ರೆ, ನೀರಿನ ಡ್ರಮ್ಮು, ನಡೆಯಲಾಗದವರು, ಜೊತೆಗೊಂದು ಸ್ಪೀಕರು. ಭಕ್ತಿಗೀತೆ ಹಾಕದಿದ್ದರೆ ಟ್ರ್ಯಾಕ್ಟರ್ ಹುಡುಗನಿಗೆ ನಿದ್ದೆ ಬರುತ್ತದಂತೆ. ಅವನಿಗೆ ಎಚ್ಚರ ಇರಲಿ ಅಂತ ನಾವೆಲ್ಲ ಆ ಸದ್ದು ಸಹಿಸಿಕೊಂಡೆವು.

ಗಿಲ್ಲೆಸುಗೂರು ಬರುವಷ್ಟರಲ್ಲಿ ನಾನು ಮಾಮಾನನ್ನು ಅದೆಷ್ಟು ಸಲ "ಇನ್ನೂ ಎಷ್ಟು ದೂರ ಐತ್ರಿ?" ಅಂತ ಕೇಳಿದೆನೋ. ವಾಚು ನೋಡುವುದು, ಉಳಿದದ್ದನ್ನು ಕಳೆಯುವುದು, ಗಂಟೆಗೆ ಇಷ್ಟು ಅಂತ ಭಾಗಿಸುವುದು. ಶ್ರೀಶೈಲ ಸುಮಾರು 250 ಕಿಲೋಮೀಟರ್. ಅದನ್ನು ನೆನೆದ ಕೂಡಲೇ ಕಾಲು ಸೋಲುತ್ತಿತ್ತು. ಕೊನೆಗೆ ಜೊತೆಯಲ್ಲಿದ್ದ ನೇಕಾರ ಕಾಕಾ ಹೇಳಿದರು: "ಯವ್ವಾ, ಶ್ರೀಶೈಲ ಎಷ್ಟ ದೂರ ಐತಿ ಅಂತ ಕೇಳಬ್ಯಾಡ. ಮುಂದಿನ ದಾಸೋಹ ಎಲ್ಲೈತಿ ಅಂತ ಕೇಳು. ಅದಕ್ಕಾದ್ರ ನನಗ ಉತ್ತರ ಗೊತ್ತೈತಿ."

ಎರಡು ಫರ್ಲಾಂಗ್ ಮುಂದೆ ಶಾಮಿಯಾನ ಇತ್ತು. ಬಿಸಿ ಉಪ್ಪಿಟ್ಟು, ಚಹಾ. ಉಪ್ಪಿಟ್ಟಿನಲ್ಲಿ ಶೇಂಗಾ ಧಾರಾಳವಾಗಿತ್ತು.

ಶನಿವಾರ: ನದಿ, ಮತ್ತು ಬೊಬ್ಬೆ

ತುಂಗಭದ್ರೆಯ ಸೇತುವೆ ದಾಟಿದರೆ ಆಂಧ್ರ. ಮಾರ್ಚ್ ಕೊನೆಯಲ್ಲಿ ನದಿ ಅಂದರೆ ಅಗಲವಾದ ಮರಳು, ಬಂಡೆಗಳ ನಡುವೆ ಅಲ್ಲಲ್ಲಿ ನೀರು. ನಮ್ಮವರೆಲ್ಲ ಇಳಿದು ಮಿಂದರು. ಮಾಧವರದಿಂದ ಮಂತ್ರಾಲಯದವರೆಗೂ ಅಂಗಡಿಯವರು ಕನ್ನಡದಲ್ಲೇ ಮಾತಾಡಿಸುತ್ತಾರೆ. ರಾಜ್ಯ ಬದಲಾದದ್ದು ಬೋರ್ಡು ಓದಿದರೆ ಮಾತ್ರ ಗೊತ್ತಾಗುತ್ತದೆ.

ನಾನು ನೀರಿಗಿಳಿದಾಗ ಹಿಮ್ಮಡಿ ಉರಿಯಿತು. ಹೊಸ ಬೂಟಿನ ಪ್ರಸಾದ. ಎರಡೂ ಕಾಲಿಗೆ ಬೊಬ್ಬೆ ಎದ್ದಿದ್ದವು. ಗುಂಪಿನಲ್ಲಿ ಎಲ್ಲರೂ 'ಆಯಿ' ಅಂತ ಕರೆಯುವ ಹಿರಿಯರೊಬ್ಬರಿದ್ದರು. ಅವರು ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಸೂಜಿಗೆ ದಾರ ಪೋಣಿಸಿ, ಸೂಜಿಯನ್ನು ಬೆಂಕಿಗೆ ಹಿಡಿದು, ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ದಾಟಿಸಿ ದಾರವನ್ನು ಅಲ್ಲೇ ಬಿಟ್ಟರು. ನೀರು ದಾರದ ಗುಂಟ ಇಳಿದು ಹೋಗುತ್ತದೆ. ದಾರದಿಂದ ನಂಜಾಗಬಹುದು ಅಂತ ಡಾಕ್ಟರುಗಳು ಇದನ್ನು ಒಪ್ಪುವುದಿಲ್ಲ, ಹಾಗಾಗಿ ಮಾಡಿ ಅಂತ ನಾನೂ ಹೇಳುವುದಿಲ್ಲ. ನನಗೆ ಏನೂ ಆಗಲಿಲ್ಲ. ಮೇಲೆ ಕೊಬ್ಬರಿ ಎಣ್ಣೆ ಸವರಿ, "ಇನ್ನ ಆ ಬೂಟ್ ಟ್ರ್ಯಾಕ್ಟರ್‌ನ್ಯಾಗ ಒಗಿ" ಅಂದರು. ಮಂತ್ರಾಲಯದ ಬಜಾರಿನಲ್ಲಿ ನಾನೂ ಚಪ್ಪಲಿ ಕೊಂಡೆ.

ಸಂಜೆ ನಡೆಯುವಾಗ ತಲೆಯಲ್ಲಿ ಬೇರೆ ಯಾವ ಯೋಚನೆಯೂ ಇರಲಿಲ್ಲ. ಬರೀ ಹಿಮ್ಮಡಿ. ಬಲಗಾಲು ಊರಿದರೆ ಉರಿ, ಎತ್ತಿದರೆ ಆರಾಮ. ಎಡಗಾಲು ಊರಿದರೆ ಉರಿ, ಎತ್ತಿದರೆ ಆರಾಮ. ವರ್ತಮಾನದಲ್ಲಿ ಬದುಕಿ ಅಂತ ಹೇಳುವವರು ವರ್ತಮಾನದಲ್ಲಿ ಬೊಬ್ಬೆಯೂ ಇರುತ್ತದೆ ಅನ್ನುವುದನ್ನು ಯಾಕೋ ಹೇಳುವುದೇ ಇಲ್ಲ. ಅವರ ವರ್ತಮಾನದಲ್ಲಿ ಯಾವಾಗಲೂ ಸೂರ್ಯೋದಯ, ಹಕ್ಕಿ, ಬಿಸಿ ಕಾಫಿ. ಅಷ್ಟು ಹೊತ್ತು ನಾನು ನನ್ನ ಕಾಲಿನ ಜೊತೆ ಪೂರ್ತಿಯಾಗಿ ಇದ್ದೆ, ಅದು ನಿಜ. ಖುಷಿಯಾಗಿ ಇದ್ದೆನಾ ಅಂದರೆ ಇಲ್ಲ.

ಭಾನುವಾರ: ಎಮ್ಮಿಗನೂರು ದಾರಿ

ಈ ಕಡೆ ಕಪ್ಪು ನೆಲ. ಹತ್ತಿ ಬಿಡಿಸಿ ಮುಗಿದ ಹೊಲಗಳು, ಕಣದ ತುಂಬ ಒಣಗಲು ಹರವಿದ ಮೆಣಸಿನಕಾಯಿ. ಗಾಳಿ ಆ ಕಡೆಯಿಂದ ಬೀಸಿದರೆ ಸಾಲಾಗಿ ಎಲ್ಲರೂ ಸೀನುತ್ತಿದ್ದರು.

ಉರಿ ಕಡಿಮೆಯಾಗುತ್ತಿದ್ದಂತೆ ನನ್ನ ತಲೆ ಮತ್ತೆ ಓಡಾಡಲು ಶುರುಮಾಡಿತು. ಬೆಂಗಳೂರಿನ ಮನೆಯ ನೀರಿನ ಮೋಟರ್, ಏಪ್ರಿಲ್‌ನಲ್ಲಿ ಬರಬೇಕಾದ ಇನ್‌ಕ್ರಿಮೆಂಟ್, ಹೋದ ವರ್ಷ ಯಾರೋ ಆಡಿದ ಒಂದು ಮಾತು. ಆ ಮಾತಿಗೆ ಎಮ್ಮಿಗನೂರಿನ ಹೊರಗೆ ನಡೆಯುತ್ತ ನಾನು ಚೆಂದದ ಒಂದು ಉತ್ತರ ಕಟ್ಟಿದೆ. ಯಾರಿಗೂ ಹೇಳಲಿಕ್ಕಿಲ್ಲದ ಉತ್ತರ. ಅಷ್ಟರಲ್ಲಿ ಎರಡು ಹಳ್ಳಿ ಹಿಂದೆ ಹೋಗಿದ್ದವು. ಅವು ಹೇಗಿದ್ದವು ಅಂತ ಕೇಳಿದರೆ ನನಗೆ ಗೊತ್ತಿಲ್ಲ.

ಆಗ ನೆನಪಾದದ್ದು ಹಾರ್ವರ್ಡಿನ ಒಂದು ಅಧ್ಯಯನ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. 2,250 ಜನರ ಫೋನಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸುತ್ತಿದ್ದರು. ಈಗ ಏನು ಮಾಡುತ್ತಿದ್ದೀರಿ? ಅದರ ಬಗ್ಗೆಯೇ ಯೋಚಿಸುತ್ತಿದ್ದೀರಾ? ಎಷ್ಟು ಖುಷಿಯಾಗಿದ್ದೀರಿ? ಬಂದ ಉತ್ತರಗಳಲ್ಲಿ ಶೇ. 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಇದ್ದಾಗ ಜನ ಕಡಿಮೆ ಖುಷಿಯಾಗಿದ್ದರು. ಮನಸ್ಸು ಹಿತವಾದದ್ದರ ಕಡೆಗೇ ಹೋದರೂ ಕೈಯಲ್ಲಿದ್ದ ಕೆಲಸದಲ್ಲಿ ಇದ್ದವರಿಗಿಂತ ಜಾಸ್ತಿ ಖುಷಿ ಏನೂ ಸಿಗಲಿಲ್ಲ. ತಮಾಷೆ ನೋಡಿ, ಇದನ್ನು ಕಂಡುಹಿಡಿಯಲು ಅವರು ಬಳಸಿದ್ದು ಫೋನನ್ನೇ.

ನಾನು ಅದನ್ನೆಲ್ಲ ನೇಕಾರ ಕಾಕಾಗೆ ವಿವರಿಸಿದೆ. ಪೂರ್ತಿ ಕೇಳಿ, "ಹೌದೌದು, ಮಗ್ಗದ ಮುಂದನೂ ಹಂಗ. ಮನಸ ಎಲ್ಲ್ಯರ ಹೋದ್ರ ಎಳಿ ಕಡಿತೈತಿ" ಅಂದರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರ ಬಗಲಿನ ಚೀಲದಲ್ಲಿ ಒಂದು ಇಳಕಲ್ ಸೀರೆ ಇತ್ತು. ಕೆಂಪು ತೋಪ ತೆನಿ ಸೆರಗು, ತಮ್ಮದೇ ಮಗ್ಗದಲ್ಲಿ ನೇಯ್ದದ್ದು. ಅದನ್ನು ಟ್ರ್ಯಾಕ್ಟರಿನಲ್ಲಿ ಇಡಲು ಒಪ್ಪಿರಲಿಲ್ಲ. ಮಲಗುವಾಗಲೂ ತಲೆದಿಂಬಿನ ಪಕ್ಕವೇ ಇರುತ್ತಿತ್ತು.

ಎಮ್ಮಿಗನೂರೂ ನೇಕಾರರ ಊರು. ಮಧ್ಯಾಹ್ನ ಅಲ್ಲಿ ಉಳಿದೆವು. ಕಾಕಾ ನಿದ್ದೆ ಬಿಟ್ಟು ಯಾರದೋ ಮನೆಯ ಮಗ್ಗ ನೋಡಲು ಹೋದರು. ತೆಲುಗು ಬಾರದ ಕಾಕಾ, ಕನ್ನಡ ಅರ್ಧಂಬರ್ಧ ಬರುವ ಆ ಮನೆಯವರು ಎರಡು ತಾಸು ಅದೇನು ಮಾತಾಡಿದರೋ!

ಸೋಮವಾರ, ಮಂಗಳವಾರ: ಕರ್ನೂಲು

ಈ ಎರಡು ದಿನದ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. ಬಿಸಿಲು. ಲಾರಿ. ಉದ್ದ ರಸ್ತೆ. ಸೋಮವಾರದ ನಡಿಗೆ ಎಲ್ಲಕ್ಕಿಂತ ದೊಡ್ಡದು. ಮಲಗುವ ಜಾಗಕ್ಕೆ ಇನ್ನೊಂದು ಊರಿನ ಗುಂಪಿನ ಜೊತೆ ಜಗಳವೂ ಆಯಿತು. ಹತ್ತು ನಿಮಿಷಕ್ಕೆ ಮುಗಿದು, ಅವರ ಸಜ್ಜೆ ರೊಟ್ಟಿ ನಮ್ಮ ಕಡೆ, ನಮ್ಮ ಶೇಂಗಾ ಚಟ್ನಿ ಅವರ ಕಡೆ ಹೋಯಿತು. ಕರ್ನೂಲು 1953ರಿಂದ 1956ರವರೆಗೆ ಆಂಧ್ರ ರಾಜ್ಯದ ರಾಜಧಾನಿ ಆಗಿದ್ದ ಊರು. ನಾವು ಕಂಡದ್ದು ಅದರ ಟ್ರಾಫಿಕ್ ಮಾತ್ರ.

ಒಂದು ಮಾತ್ರ ಹೇಳಬೇಕು. ಮಂಗಳವಾರ ನಂದಿಕೊಟ್ಕೂರು ಕಡೆ ನಡೆಯುವಾಗ ವಾಚು ಚಾರ್ಜ್ ಮುಗಿದು ನಿಂತಿತ್ತು. ಅದು ನಿಂತದ್ದು ನನಗೆ ಗೊತ್ತಾದದ್ದು ಸಂಜೆ. ಬಿಸಿಲಲ್ಲಿ ಒಬ್ಬಾತ ಸ್ಕೂಟರಿನಲ್ಲಿ ಕಲ್ಲಂಗಡಿ ತಂದು, ರಸ್ತೆ ಬದಿಯಲ್ಲೇ ಕೊಯ್ದು ಹೋಗುವವರಿಗೆಲ್ಲ ಹಂಚುತ್ತಿದ್ದ. "ತಿನಂಡಮ್ಮಾ, ತಿನಂಡಿ" ಅಂದ. ನಿಂತೇ ತಿಂದೆ. ರಸ ಮೊಣಕೈವರೆಗೆ ಇಳಿಯಿತು. ಒರೆಸಿಕೊಳ್ಳಬೇಕು ಅನಿಸಲೂ ಇಲ್ಲ. ಆಮೇಲೆ ಆಯಿ ನನ್ನ ಮುಖ ನೋಡಿ ನಕ್ಕಾಗ ತಿಳಿಯಿತು, ಗಲ್ಲದ ಮೇಲೆ ಎರಡು ಬೀಜ ಅಂಟಿಕೊಂಡಿದ್ದವು.

ಆ ಹಣ್ಣು ತಿನ್ನುವಾಗ ನಾನು ಖುಷಿಯಾಗಿದ್ದೆ. ಖುಷಿಯಾಗಿದ್ದೇನೆ ಅಂತ ಆಗ ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ನನ್ನ ಅಭ್ಯಾಸದಂತೆ ಫೋಟೋ ತೆಗೆಯಬೇಕಿತ್ತು ಅನಿಸಿತು. ಆ ಅನಿಸಿಕೆಯ ಜೊತೆಗೇ ಖುಷಿ ಸ್ವಲ್ಪ ಕಡಿಮೆಯೂ ಆಯಿತು.

ಬುಧವಾರ: ಆತ್ಮಕೂರಿನ ಒಲೆ

ನಂದಿಕೊಟ್ಕೂರಿನಿಂದ ಆತ್ಮಕೂರಿಗೆ ನಡೆದ ದಿನ. ದೂರದಲ್ಲಿ ನಲ್ಲಮಲದ ಬೆಟ್ಟಸಾಲು ಕಾಣಲು ಶುರುವಾದಾಗ ಮುಂದಿದ್ದವರು "ಮಲ್ಲಯ್ಯಾ ಉಘೇ" ಅಂತ ಕೂಗಿದರು, ಹಿಂದಿದ್ದವರಿಗೆ ಬೆಟ್ಟ ಇನ್ನೂ ಕಾಣದಿದ್ದರೂ ಅವರೂ ಕೂಗಿದರು.

ರಾತ್ರಿ ಉಳಿದದ್ದು ಊರ ಹೊರಗಿನ ದಾಸೋಹದ ಬಯಲಿನಲ್ಲಿ. ಸಿಂಧನೂರು ಕಡೆಯವರು ಲಾರಿಯಲ್ಲಿ ಸಾಮಾನು ತಂದು ನಡೆಸುತ್ತಿದ್ದ ದಾಸೋಹ ಅದು. ಒಂದು ಕಡೆ ಅಡುಗೆ, ಇನ್ನೊಂದು ಕಡೆ ಕಾಲಿಗೆ ಎಣ್ಣೆ ಹಚ್ಚಿ ಒತ್ತುವವರು, ಮತ್ತೊಂದು ಕಡೆ ಗುಳಿಗೆ-ಮುಲಾಮು ಕೊಡುವವರು. ಅಪ್ಪನ ವಯಸ್ಸಿನ ಒಬ್ಬರು ಬಂದು ನನ್ನ ಕಾಲು ಒತ್ತಲು ಕೂತಾಗ ನನಗೆ ಬಹಳ ಮುಜುಗರವಾಯಿತು. ಬೇಡ ಬೇಡ ಅಂದೆ. "ನೀವು ನಡಿಯೂ ಮುಂದ ನಾವು ಇಷ್ಟೂ ಮಾಡಬಾರದೇನ್ರಿ?" ಅಂದರು. ನಡೆಯುವವರ ಕಾಲಿನಲ್ಲಿ ಮಲ್ಲಯ್ಯ ಇರುತ್ತಾನೆ ಅನ್ನುವುದು ಅವರ ನಂಬಿಕೆ. ನನ್ನ ಕಾಲಿನಲ್ಲಿ ಇದ್ದದ್ದು ಹಳೆ ದಾರ.

ನಿದ್ದೆ ಬರಲಿಲ್ಲ. ಎರಡು ಗಂಟೆ ಹೊತ್ತಿಗೆ ಎದ್ದು ಒಲೆ ಕಡೆ ಹೋದೆ. ಇಬ್ಬರು ಬೆಳಗಿನ ಗೋಧಿ ಹುಗ್ಗಿಗೆ ಬೆಲ್ಲ ಕರಗಿಸುತ್ತಿದ್ದರು. ಹುಟ್ಟು ಅಂದರೆ ದೋಣಿಯ ಹುಟ್ಟಿನಷ್ಟೇ ಉದ್ದ. ಮುಖ್ಯ ಅಡುಗೆಯವರನ್ನು ಮಾತಾಡಿಸಿದೆ. ದೀಪಾವಳಿ ಮುಗಿದ ಕೂಡಲೇ ಇವರ ತಯಾರಿ ಶುರುವಂತೆ. ಯಾರ ಹೊಲದ ಅಕ್ಕಿ, ಯಾರ ಅಂಗಡಿಯ ಬೇಳೆ, ಗ್ಯಾಸ್ ಎಷ್ಟು, ಕಟ್ಟಿಗೆ ಎಷ್ಟು, ನೀರಿನ ಟ್ಯಾಂಕರ್ ಯಾವ ದಿನ. ಒಂದು ನೋಟುಪುಸ್ತಕ ತೋರಿಸಿದರು. ಹಿಂದಿನ ವರ್ಷಗಳ ಲೆಕ್ಕವೂ ಅದರಲ್ಲೇ ಇತ್ತು. ಅಮಾವಾಸ್ಯೆ ಹತ್ತಿರ ಬಂದಷ್ಟೂ ಜನ ಹೆಚ್ಚು, ಹಾಗಾಗಿ ನಾಳೆ ಅಕ್ಕಿ ಜಾಸ್ತಿ ಹಾಕಬೇಕು ಅಂದರು.

"ನಿಮಗ ನಾಳಿ ಚಿಂತಿ ಇಲ್ಲದಂಗ ನಾವು ಮಾಡ್ಕೋತೀವಿ. ನೀವು ನಡೀರಿ, ಅಷ್ಟ" ಅಂದು ಮತ್ತೆ ಹುಟ್ಟು ಹಿಡಿದರು.

ಅಲ್ಲೇ ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಕೆಲವು ದಿನಗಳಿಂದ ನಾನು ಹಗುರಾಗಿದ್ದೆ. ನಾಳೆ ಏನು ಅನ್ನುವ ಪ್ರಶ್ನೆಯೇ ಎದ್ದಿರಲಿಲ್ಲ. ಅದು ನನ್ನ ಮನಸ್ಸಿನ ಸಾಧನೆ ಅಂತ ಒಳಗೊಳಗೇ ಅಂದುಕೊಂಡಿದ್ದೆ. ನೋಡಿದರೆ ನನ್ನ ನಾಳೆಯನ್ನು ಇವರು ನವೆಂಬರ್‌ನಿಂದಲೇ ಹೊತ್ತುಕೊಂಡಿದ್ದರು. ನಮ್ಮ ಟ್ರ್ಯಾಕ್ಟರಿನಲ್ಲಿ ಹಾಸಿಗೆ ಮಡಚಿ ಇಡುವ ಹುಡುಗ, ಸೂಜಿ-ದಾರ ಮರೆಯದೆ ತಂದ ಆಯಿ, ರಸ್ತೆ ಬದಿ ನೀರಿನ ಡ್ರಮ್ಮು ತುಂಬಿಸಿಟ್ಟ ಹಳ್ಳಿಯವರು, ಎಲ್ಲರೂ ಸ್ವಲ್ಪ ಸ್ವಲ್ಪ ಹೊತ್ತಿದ್ದರು. ಪುಸ್ತಕಗಳಲ್ಲಿ, ಆ್ಯಪುಗಳಲ್ಲಿ ವರ್ತಮಾನ ಅಂದರೆ ಒಬ್ಬರೇ ಕಣ್ಣುಮುಚ್ಚಿ ಕೂತು ಹಿಡಿಯುವ ವಸ್ತು. ಮನೆಯಲ್ಲಿ ನಾಳೆಯ ಹಾಲು, ಸ್ಕೂಲ್ ಫೀಸು, ಅತ್ತೆಯ ಮಾತ್ರೆ ಎಲ್ಲವನ್ನೂ ಒಬ್ಬಳೇ ನೆನಪಿಟ್ಟುಕೊಳ್ಳುವ ಹೆಂಗಸಿಗೆ "ಈ ಕ್ಷಣದಲ್ಲಿರಿ" ಅಂದರೆ ಅವಳು ಹೇಗೆ ಇರಬೇಕು? ಮೊದಲು ಅವಳ ಕೈಯಿಂದ ಅರ್ಧವನ್ನಾದರೂ ಯಾರಾದರೂ ಇಸಿದುಕೊಳ್ಳಬೇಕಲ್ವಾ?

ಆದರೆ ಒಂದು ತೊಡಕು ಉಳಿಯಿತು. ನಾಳೆಯ ಅಕ್ಕಿಯ ಚಿಂತೆ ಇದ್ದ ಆ ಅಡುಗೆಯವರ ಮುಖದಲ್ಲಿ ನನ್ನ ಮುಖದಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಗೆಲುವಿತ್ತು. ಬೆಲ್ಲ ಪಾಕಕ್ಕೆ ಬಂತಾ ಅಂತ ಎರಡು ಬೆರಳಲ್ಲಿ ಎಳೆದು ನೋಡುವಾಗ ಅವರು ಬೇರೆ ಎಲ್ಲೂ ಇರಲಿಲ್ಲ. ನಾಳೆಯ ಯೋಚನೆ ಇದ್ದರೂ ಇವತ್ತು ಕೆಡುವುದಿಲ್ಲ ಅಂತಾಯಿತು. ಹಾಗಾದರೆ ನನ್ನ ಯೋಚನೆಗೂ ಅವರ ಯೋಚನೆಗೂ ವ್ಯತ್ಯಾಸ ಏನು? ಅವರದು ನೋಟುಪುಸ್ತಕದಲ್ಲಿ ಬರೆದು, ಮುಚ್ಚಿ, ಒಲೆ ಕಡೆ ತಿರುಗುವಂಥದ್ದು. ನಾನು ಎಮ್ಮಿಗನೂರಿನ ಹೊರಗೆ ಕಟ್ಟಿದ ಉತ್ತರವನ್ನು ಬರೆದಿಡಲಿಕ್ಕೂ ಬರುವುದಿಲ್ಲ, ಮುಚ್ಚಲಿಕ್ಕೂ ಬರುವುದಿಲ್ಲ.

ಹುಗ್ಗಿ ಇಳಿಸಿದ ಮೇಲೆ ಮೊದಲ ಸೌಟು ನನ್ನ ತಟ್ಟೆಗೇ ಬಿತ್ತು. ತುಪ್ಪ ಜಾಸ್ತಿ ಹಾಕಿಸಿಕೊಂಡೆ.

ಗುರುವಾರ: ಕಾಡು

ವೆಂಕಟಾಪುರದ ಹತ್ತಿರ ಡಾಂಬರು ಮುಗಿದು ಕಾಡು ಶುರುವಾಗುತ್ತದೆ. ಟ್ರ್ಯಾಕ್ಟರು ಇಲ್ಲಿಂದ ಘಾಟಿ ರಸ್ತೆ ಸುತ್ತಿ ಬರಬೇಕು. ನಮ್ಮ ಕೈಯಲ್ಲಿ ಉಳಿದದ್ದು ಒಂದು ಚಾದರ, ನೀರು, ಬ್ಯಾಟರಿ, ಸ್ವಲ್ಪ ಅವಲಕ್ಕಿ.

ಇದು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಮೀಸಲು ಪ್ರದೇಶ. ವಿಸ್ತೀರ್ಣದಲ್ಲಿ ದೇಶದಲ್ಲೇ ದೊಡ್ಡದು. ಕಾಲ್ದಾರಿಯಲ್ಲಿ ಜನರನ್ನು ಬಿಡುವುದು ಶಿವರಾತ್ರಿ, ಯುಗಾದಿ ಸಮಯದಲ್ಲಿ ಮಾತ್ರ. ಹುಲಿ ಬಂದರೆ ಏನು ಮಾಡೋದು ಅಂತ ಕೇಳಿದೆ. "ಇಷ್ಟ್ ಮಂದಿ ನೋಡಿ ಅದಕ್ಕ ಹೆದರಿಕಿ ಬರತೈತಿ" ಅಂದರು ಮಾಮಾ. ನಿಜವೇ. ದಾರಿಯುದ್ದಕ್ಕೂ ಜನ. ಅಮಾವಾಸ್ಯೆಗೆ ಎರಡೇ ದಿನ. ನಸುಕಿನಲ್ಲಿ ಚಂದ್ರ ಎದ್ದಾಗ ಉಗುರಿನಷ್ಟೂ ಇರಲಿಲ್ಲ. ಮುಂದೆ-ಹಿಂದೆ ಬ್ಯಾಟರಿಗಳ ಸಾಲು.

ಬೆಳಕು ಹರಿದ ಮೇಲೆ ಕಾಡು ಕಂಡಿತು. ಮಲೆನಾಡಿನ ಕಾಡಿನ ಹಾಗೆ ಅಲ್ಲ. ಎಲೆ ಉದುರಿಸಿದ ತೇಗ, ಒಣಗಿದ ಬಿದಿರು, ಕಾಲಡಿಯಲ್ಲಿ ಸರಬರ ಸದ್ದು, ನಡುನಡುವೆ ಮುತ್ತುಗದ ಕೆಂಪು ಹೂವು. ಇಪ್ಪೆ ಹೂವು ನೆಲಕ್ಕೆ ಬಿದ್ದು ಸಿಹಿ ವಾಸನೆ. ಆಯಿ ಒಂದು ಹೂವು ಬಾಯಿಗೆ ಹಾಕಿಕೊಂಡು ನನಗೊಂದು ಕೊಟ್ಟರು. ಮೊದಲು ಸಿಹಿ, ಆಮೇಲೆ ಮೂಗಿಗೆ ಏರುವ ಒಂದು ಘಾಟು. ನಾಗಲೂಟಿಯಲ್ಲಿ ವೀರಭದ್ರನ ಹಳೆಯ ಗುಡಿ, ಅಲ್ಲಿಂದ ಮುಂದೆ ಕಲ್ಲಿನ ಮೆಟ್ಟಿಲು. 14ನೇ ಶತಮಾನದಲ್ಲಿ ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಅಂತ ಇತಿಹಾಸ ಹೇಳುತ್ತದೆ. ಆಗಲೂ ಯಾರೋ ಮುಂದೆ ಬರುವವರ ಕಾಲಿನ ಬಗ್ಗೆ ಯೋಚಿಸಿದ್ದರು.

ಕಲ್ಲುದಾರಿಯಲ್ಲಿ ನಡೆಯುವುದು ರಸ್ತೆಯಲ್ಲಿ ನಡೆದಂತಲ್ಲ. ಪ್ರತಿ ಹೆಜ್ಜೆ ಎಲ್ಲಿ ಇಡಬೇಕು ಅಂತ ನೋಡಿಯೇ ಇಡಬೇಕು. ನೋಡದಿದ್ದರೆ ಕಾಲು ಉಳುಕುತ್ತದೆ. ಮೊದಲೆರಡು ತಾಸು ಅದೇ ಒಂದು ಕಷ್ಟ. ಆಮೇಲೆ ಕಣ್ಣಿಗೂ ಕಾಲಿಗೂ ಏನೋ ಹೊಂದಾಣಿಕೆ ಆಗಿಬಿಡುತ್ತದೆ, ನಡುವೆ ತಲೆ ಬೇಕಾಗುವುದಿಲ್ಲ. ಈ ಕಲ್ಲು, ಆ ಬೇರು, ಈ ಕಲ್ಲು. ಮಾಮಾ ಪಕ್ಕದಲ್ಲೇ ಇದ್ದರು, ಮಾತಿಲ್ಲ. ಎಷ್ಟು ಹೊತ್ತು ಹಾಗೆ ನಡೆದೆವೋ. ಯಾರೋ ಮುಂದಿನಿಂದ "ಮಜ್ಜಿಗಿ ಐತಿ ಬರ್ರಿ" ಅಂತ ಕೂಗಿದಾಗಲೇ ಎಚ್ಚರವಾದದ್ದು. ನಿದ್ದೆಯಿಂದ ಎಚ್ಚರವಾದದ್ದಲ್ಲ, ಯಾಕೆಂದರೆ ಅಷ್ಟು ಹೊತ್ತೂ ನಾನು ಚೆನ್ನಾಗಿ ಎಚ್ಚರವಾಗಿಯೇ ಇದ್ದೆ. ಪ್ರತಿ ಕಲ್ಲೂ ನೆನಪಿದೆ ಅನ್ನುವಷ್ಟು.

ರಾತ್ರಿ ಪೆಚ್ಚೆರುವಿನಲ್ಲಿ. ಇದು ಚೆಂಚು ಬುಡಕಟ್ಟಿನ ಜನರ ಗೂಡೆಂ, ಅಂದರೆ ಹಾಡಿ. ನಲ್ಲಮಲ ಅವರ ಕಾಡು. ಮಲ್ಲಯ್ಯನ ಜೊತೆ ಅವರಿಗೂ ನಂಟಿದೆ. ಮಲ್ಲಯ್ಯ ಚೆಂಚು ಹುಡುಗಿಯನ್ನು ಮದುವೆಯಾದ ಅನ್ನುತ್ತಾರೆ, ಅವರಿಗೆ ಅವನು ಚೆಂಚು ಮಲ್ಲಯ್ಯ. ಹಾಗೆ ನೋಡಿದರೆ ಅಳಿಯನ ಮೇಲೆ ನಮ್ಮೊಬ್ಬರದೇ ಹಕ್ಕಲ್ಲ.

ಮಲಗುವಾಗ ಆಯಿ ಅಕ್ಕನ ಸುದ್ದಿ ತೆಗೆದರು. ಅಕ್ಕ ಅಂದರೆ ಅಕ್ಕಮಹಾದೇವಿ. 12ನೇ ಶತಮಾನದಲ್ಲಿ ಶಿವಮೊಗ್ಗ ಸೀಮೆಯ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಈ ಬೆಟ್ಟಕ್ಕೆ ಬಂದವಳು. ಹಸಿದರೆ ಊರಲ್ಲಿ ಭಿಕ್ಷೆ ಉಂಟು, ಬಾಯಾರಿದರೆ ಕೆರೆ-ಬಾವಿ ಉಂಟು, ಮಲಗಲು ಹಾಳು ಗುಡಿ ಉಂಟು ಅಂತ ಅವಳದೊಂದು ವಚನ ಇದೆಯಲ್ಲ. ಶಾಲೆಯಲ್ಲಿ ಓದುವಾಗ ಅದು ವೈರಾಗ್ಯ ಅಂತ ನೋಟ್ಸ್ ಬರೆಸಿದ್ದರು. ದಾಸೋಹದ ದಾರಿಯಲ್ಲಿ ನಡೆದ ಮೇಲೆ ಅದರಲ್ಲಿ ಒಂದು ಧೈರ್ಯವೂ ಕೇಳಿಸಿತು. ಆಯಿ ಮಾತ್ರ ನನ್ನಷ್ಟು ಯೋಚಿಸಲಿಲ್ಲ. "ಅಕ್ಕಗ ನಮ್ಮಂಗ ಬ್ಯಾಟರಿ ಇರಲಿಲ್ಲ ನೋಡು, ಕತ್ತಲ್ಯಾಗ ಹೆಂಗ್ ಬಂದ್ಲೋ" ಅಂದು ಮಗ್ಗುಲು ಬದಲಿಸಿ ಮಲಗಿದರು.

ಶುಕ್ರವಾರ: ಭೀಮನಕೊಳ್ಳ ಏರಿ

ತೆಲುಗಿನವರು ಭೀಮುನಿ ಕೊಲನು ಅನ್ನುವ ಜಾಗವನ್ನು ನಮ್ಮವರು ಭೀಮನಕೊಳ್ಳ ಅನ್ನುತ್ತಾರೆ. ಆಳವಾದ ಕಣಿವೆ. ಇಳಿಯಬೇಕು, ಮತ್ತೆ ಅಷ್ಟೇ ಏರಬೇಕು. ಇಳಿಯುವಾಗ ಮೊಣಕಾಲು, ಏರುವಾಗ ಎದೆ. ಮರಗಾಲಿನವರೊಬ್ಬರು ಮೆಟ್ಟಿಲಿನ ಮುಂದೆ ನಿಂತಿದ್ದರು. ಅವರ ಇಬ್ಬರು ಗೆಳೆಯರು ಎರಡೂ ಕಡೆ ಕೈ ಹಿಡಿದು, ಒಂದೊಂದೇ ಮೆಟ್ಟಿಲು ಹೇಳಿಕೊಡುತ್ತಿದ್ದರು. "ಎಡಕ್ಕ. ಹಾಂ. ಈಗ ಬಲಕ್ಕ. ಹಾಂ." ಅಷ್ಟೇ ಮಾತು. ನಾವು ಅವರನ್ನು ದಾಟಿ ಹೋಗಲಿಲ್ಲ. ಯಾರೂ ದಾಟಲಿಲ್ಲ. ಹಿಂದೆ ಉದ್ದ ಸಾಲು ನಿಂತರೂ ಒಬ್ಬರೂ ಬೇಗ ಬೇಗ ಅನ್ನಲಿಲ್ಲ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಹಸಿರು ಬಿದ್ದ ಅರ್ಧ ಸೆಕೆಂಡಿಗೆ ಹಾರನ್ ಹೊಡೆಯುವ ನಾನೂ ಅನ್ನಲಿಲ್ಲ.

ಮೇಲೆ ಕೈಲಾಸದ್ವಾರ. ಅಲ್ಲಿ ತಲುಪಿದವರು ಕೆಲವರು ಅತ್ತರು, ಕೆಲವರು ಕುಣಿದರು. ಮಾಮಾ ಕೂತು ಅವಲಕ್ಕಿ ಬಿಚ್ಚಿದರು. ಹಾಟಕೇಶ್ವರ ದಾಟಿ ಮಧ್ಯಾಹ್ನದ ಹೊತ್ತಿಗೆ ಶ್ರೀಶೈಲ. ಟ್ರ್ಯಾಕ್ಟರ್ ಹುಡುಗ ನಮಗಿಂತ ಮೊದಲೇ ಬಂದು ಜಾಗ ಹಿಡಿದು, ಹಾಸಿಗೆ ಹಾಸಿ, ಸ್ಪೀಕರನ್ನೂ ಹಚ್ಚಿದ್ದ.

ಶನಿವಾರ: ಅಮಾವಾಸ್ಯೆ

ಶ್ರೀಶೈಲದಲ್ಲಿ ಭಕ್ತರೇ ಲಿಂಗವನ್ನು ಮುಟ್ಟಿ ನಮಸ್ಕರಿಸುವ ಪದ್ಧತಿ ಇದೆ. ಹಬ್ಬದ ನೂಕುನುಗ್ಗಲಿನಲ್ಲಿ ಅದು ಸಿಗಲಿಲ್ಲ. ತಾಸುಗಟ್ಟಲೆ ಸಾಲು, ಆಮೇಲೆ ದೂರದಿಂದ ಒಂದು ನೋಟ. "ಮುಂದಕ್ಕೆ, ಮುಂದಕ್ಕೆ" ಅಂತ ತಳ್ಳುವವರ ನಡುವೆ ನನಗೆ ಸಿಕ್ಕಿದ್ದು ಒಂದೆರಡು ಸೆಕೆಂಡು. ದೀಪ ಕಂಡಿತು, ಹೂವು ಕಂಡಿತು. ಇಷ್ಟೇನಾ ಅನಿಸಬೇಕಿತ್ತು, ಅನಿಸಲಿಲ್ಲ. ಮಲ್ಲಯ್ಯನ ಜೊತೆ ಒಂದು ವಾರ ಕಳೆದು ಬಂದ ಹಾಗಿತ್ತು. ಕೊನೆಗೆ ಮುಖ ತೋರಿಸಿ ಹೋದದ್ದು ಅಷ್ಟೆ.

ಮಲ್ಲಿಕಾರ್ಜುನನ ಗುಡಿಯ ಹಿಂದೆ ಭ್ರಮರಾಂಬೆಯ ಗುಡಿ. ಕಾಕಾ ಚೀಲ ಬಿಚ್ಚಿ ಸೀರೆ ತೆಗೆದರು. ಅಷ್ಟು ದಿನದ ಬೆವರು, ಧೂಳಿನ ನಡುವೆಯೂ ಮಡಿಕೆ ಮುರಿದಿರಲಿಲ್ಲ. ಅರಿಶಿನ-ಕುಂಕುಮ, ಕುಪ್ಪಸ, ಕೊಬ್ಬರಿ ಬಟ್ಟಲು ಸೇರಿಸಿ ಅರ್ಚಕರ ಕೈಗೆ ಕೊಟ್ಟರು. ಅದು ಆ ಕ್ಷಣವೇ ಬೇರೆ ನೂರಾರು ಸೀರೆಗಳ ರಾಶಿಗೆ ಸೇರಿತು. ಕಾಕಾಗೆ ಬೇಜಾರಾಯಿತೇನೋ ಅಂತ ನೋಡಿದೆ. ಅವರು ಪಕ್ಕದ ಇನ್ನೊಂದು ಸೀರೆಯ ಅಂಚನ್ನು ಬೆರಳಲ್ಲಿ ಸವರಿ, ಯಾವ ಊರಿನ ನೇಯ್ಗೆ ಅಂತ ಪತ್ತೆ ಹಚ್ಚುತ್ತಿದ್ದರು.

ಮಧ್ಯಾಹ್ನ ಪ್ರಾಕಾರದ ಗೋಡೆಯ ಸುತ್ತ ಒಬ್ಬಳೇ ತಿರುಗಿದೆ. ಹೊರಗೋಡೆಯ ತುಂಬ ಕೆತ್ತನೆ. ಆನೆ, ಕುದುರೆ, ಬೇಟೆ, ಶಿವನ ಕಥೆಗಳು. ಕಾಲು ಊದಿಕೊಂಡಿದ್ದರಿಂದ ಬೇಗ ನಡೆಯಲು ಆಗುತ್ತಿರಲಿಲ್ಲ, ಹಾಗಾಗಿ ಚೆನ್ನಾಗಿ ನೋಡಿದೆ. ರಾತ್ರಿ ವೀರಭದ್ರನ ಕುಣಿತದ ಪುರವಂತರ ಒಡಪು, ಶಸ್ತ್ರ, ಆಮೇಲೆ ಅಗ್ನಿಕುಂಡ. ಕೆನ್ನೆಗೆ ಶಸ್ತ್ರ ಚುಚ್ಚಿಕೊಳ್ಳುವುದನ್ನು ನನಗೆ ನೋಡಲಾಗಲಿಲ್ಲ, ಎದ್ದು ಬಂದೆ. ಮಾಮಾ ಬೆಳಗಿನ ಜಾವದವರೆಗೆ ಕೂತಿದ್ದರಂತೆ.

ಭಾನುವಾರ ಬೇವು-ಬೆಲ್ಲ ತಿಂದು ಬಸ್ಸು ಹತ್ತಿದೆವು. ಯುಗಾದಿಗೆ ಕರ್ನಾಟಕದ ಬಸ್ಸುಗಳು ಸಾಕಷ್ಟು ಬಂದಿರುತ್ತವೆ, ಆದರೆ ಸೀಟು ಹಿಡಿಯುವುದು ಭೀಮನಕೊಳ್ಳ ಏರುವುದಕ್ಕಿಂತ ಕಷ್ಟ. ಕಿಟಕಿ ಪಕ್ಕದ ಸೀಟಿಗಾಗಿ ಕಾಕಾ ಮತ್ತು ಮಾಮಾ ಜಗಳ ಆಡಿದರು. ರಾಯಚೂರಿನವರೆಗೆ ಕಾಕಾ, ಅಲ್ಲಿಂದ ಮಾಮಾ ಅಂತ ಆಯಿ ತೀರ್ಪು ಕೊಟ್ಟರು.

ಹೋಗುವ ಮನಸ್ಸಿದ್ದವರಿಗೆ ಒಂದಿಷ್ಟು ಮಾತು. ಹೊಸ ಬೂಟು ಬೇಡ. ಕನಿಷ್ಠ ಒಂದು ತಿಂಗಳು ಹಾಕಿ ಪಳಗಿದ್ದೇ ಆಗಬೇಕು. ಹತ್ತಿಯ ಕಾಲುಚೀಲ ಎರಡು ಜೊತೆ, ಕೊಬ್ಬರಿ ಎಣ್ಣೆ, ಓಆರ್‌ಎಸ್ ಪೊಟ್ಟಣ, ಒಳ್ಳೆಯ ಬ್ಯಾಟರಿ ಇರಲಿ. ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಹೊರಡಬೇಡಿ, ಅವರ ಕಾಲಿನ ಗಾಯ ಬೇಗ ಮಾಯುವುದಿಲ್ಲ. ಪೂರ್ತಿ ನಡೆಯಲು ರಜೆ ಇಲ್ಲದವರು ಆತ್ಮಕೂರಿನವರೆಗೆ ಬಸ್ಸಿನಲ್ಲಿ ಬಂದು ಕಾಡಿನ ದಾರಿಯಷ್ಟೇ ನಡೆಯಬಹುದು. ತುಂಬ ಜನ ಹಾಗೇ ಮಾಡುತ್ತಾರೆ, ಯಾರೂ ಕೀಳಾಗಿ ನೋಡುವುದಿಲ್ಲ. ಕಾಡಿನಲ್ಲಿ ಪ್ಲಾಸ್ಟಿಕ್ ಬಿಸಾಡಬೇಡಿ. ಊಟದ್ದೇನೂ ಚಿಂತೆ ಇಲ್ಲ, ತಟ್ಟೆ-ಲೋಟ ಮಾತ್ರ ನಿಮ್ಮದೇ ಒಯ್ಯಿರಿ.